ಮೀಟರ್ ಒಂದೇ, ಲೆಕ್ಕ ಎರಡು: ಬ್ರಿಟನ್ನಿನಲ್ಲಿ ಗ್ಯಾಸ್ ಕಂಪನಿ ಬದಲಿಸಿದಾಗ

ಮಾರ್ಚ್ ತಿಂಗಳ ಒಂದು ರಾತ್ರಿ. ಲೆಸ್ಟರ್‌ನ ನಮ್ಮ ಬಾಡಿಗೆ ಮನೆ. ಮೆಟ್ಟಿಲ ಕೆಳಗಿನ ಸಣ್ಣ ಗೂಡಿನೊಳಗೆ ಮೊಣಕಾಲೂರಿ ಕೂತಿದ್ದೆ. ಸೋನಾ ಮಸೂರಿ ಮೂಟೆ, ಹಳೇ ಶೂಗಳು, ಕಸ ಎಳೆಯುವ ಮೆಷಿನ್ನು, ಎಲ್ಲವನ್ನೂ ಆಚೆ ಸರಿಸಿದ ಮೇಲೆ ಗ್ಯಾಸ್ ಮೀಟರ್ ಕಂಡಿತು. ಹೆಂಡತಿ ಫೋನ್ ಟಾರ್ಚ್ ಹಿಡಿದಿದ್ದಳು. ಮೀಟರಿನ ಮೇಲೆ 04250 ಅಂತ ಇತ್ತು. ಅದನ್ನೇ ಹೊಸ ಕಂಪನಿಯ ಆ್ಯಪ್‌ನಲ್ಲಿ ತುಂಬಿದೆ. ಕೆಂಪಕ್ಷರದಲ್ಲಿ ಉತ್ತರ ಬಂತು: ಈ ರೀಡಿಂಗ್ ಹಿಂದಿನ ರೀಡಿಂಗಿಗಿಂತ ಕಡಿಮೆ ಇದೆ, ತೆಗೆದುಕೊಳ್ಳಲು ಆಗುವುದಿಲ್ಲ.

ಹಿಂದಿನ ರೀಡಿಂಗ್ ಅಂತ ಅವರು ತೋರಿಸುತ್ತಿದ್ದದ್ದು 4390. ನಮ್ಮ ಮೀಟರ್ ಆ ಸಂಖ್ಯೆಯನ್ನು ಇನ್ನೂ ಮುಟ್ಟಿಯೇ ಇರಲಿಲ್ಲ!

ಕಂಪನಿ ಬದಲಿಸಿ ಮೂರು ವಾರ ಆಗಿತ್ತು. ಹಳೆ ಕಂಪನಿಯ ಕೊನೆ ಬಿಲ್ ಕೂಡ ಅದೇ 4390ಕ್ಕೆ ಬಂದಿತ್ತು. ಅಂದರೆ ನಾವು ಉರಿಸದ ಗ್ಯಾಸಿಗೆ ದುಡ್ಡು ಕೇಳುತ್ತಿದ್ದರು. ಆಮೇಲೆ ವಿಚಾರಿಸಿದರೆ ಇದು ನಮ್ಮ ಮನೆಯದೊಂದೇ ಕಥೆ ಅಲ್ಲ. ಇಲ್ಲಿಗೆ ಬಂದ ನಮ್ಮವರಲ್ಲಿ ಎಷ್ಟೋ ಜನ ಇದೇ ಜಾಗದಲ್ಲಿ ಎಡವಿದ್ದಾರೆ. ಇದು ಯಾಕೆ ಆಗುತ್ತದೆ, ಆದಾಗ ಯಾರನ್ನು ಹಿಡಿಯಬೇಕು ಅನ್ನುವುದನ್ನು ಬಿಡಿಸಿ ಬರೆಯಬೇಕು ಅನ್ನಿಸಿತು.

ಬೆಂಗಳೂರಿನಿಂದ ಬಂದವರಿಗೆ ಇದು ಹೊಸದೇ. ಅಲ್ಲಿ ಕರೆಂಟ್ ಮೀಟರ್ ಓದಲು ಬೆಸ್ಕಾಂನವರು ತಿಂಗಳಿಗೊಮ್ಮೆ ಮನೆಗೇ ಬರುತ್ತಾರೆ, ಕೈಯಲ್ಲಿರುವ ಮೆಷಿನ್ನಿನಿಂದ ಬಿಲ್ ಹರಿದು ಕೊಡುತ್ತಾರೆ. ಗ್ಯಾಸ್ ಅಂದರೆ ಸಿಲಿಂಡರ್. ಮುಗಿದರೆ ಇನ್ನೊಂದು ಬುಕ್ ಮಾಡುತ್ತೇವೆ. ಪೈಪ್ ಗ್ಯಾಸ್ ಬಂದ ಬಡಾವಣೆಗಳಲ್ಲೂ ಕೊಡುವ ಕಂಪನಿ ಒಂದೇ, ಬದಲಿಸುವ ಮಾತೇ ಇಲ್ಲ. ಇಲ್ಲಿ ಹಾಗಲ್ಲ. 1996ರಿಂದ 1998ರ ಹೊತ್ತಿಗೆ ಬ್ರಿಟನ್ ಮನೆಬಳಕೆಯ ಗ್ಯಾಸ್ ಮಾರಾಟವನ್ನು ಹಂತ ಹಂತವಾಗಿ ಎಲ್ಲ ಕಂಪನಿಗಳಿಗೂ ತೆರೆದಿಟ್ಟಿತು. ಪೈಪ್ ಅದೇ, ಮೀಟರ್ ಅದೇ, ಒಲೆಗೆ ಬರುವ ಗ್ಯಾಸೂ ಅದೇ. ಬದಲಾಗುವುದು ಬಿಲ್ ಕಳಿಸುವವರು ಮಾತ್ರ.

ಹಾಗಾಗಿ ಬದಲಾವಣೆಯ ದಿನ ಮನೆಯಲ್ಲಿ ಏನೂ ನಡೆಯುವುದಿಲ್ಲ. ಯಾರೂ ಬರುವುದಿಲ್ಲ, ಗ್ಯಾಸ್ ಒಂದು ಕ್ಷಣವೂ ನಿಲ್ಲುವುದಿಲ್ಲ, ಮೀಟರ್ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಎರಡು ಕಂಪನಿಗಳ ನಡುವೆ ಗೆರೆ ಎಳೆಯುವುದು ಆ ದಿನದ ಒಂದು ಸಂಖ್ಯೆ. ಅಲ್ಲಿಯವರೆಗಿನದು ಹಳಬರದು, ಅಲ್ಲಿಂದ ಮುಂದಿನದು ಹೊಸಬರದು. ಆ ಸಂಖ್ಯೆ ತಪ್ಪಾದರೆ ಎರಡೂ ಬಿಲ್ ತಪ್ಪಾಗುತ್ತವೆ.

ಆ ಸಂಖ್ಯೆಯನ್ನು ಕೊಡುವವರು ಯಾರು? ಇಲ್ಲೇ ಹೆಚ್ಚಿನವರು ತಪ್ಪು ಬಾಗಿಲು ತಟ್ಟುವುದು. ತಪ್ಪಾದ ಬಿಲ್ ಹಳೆ ಕಂಪನಿಯಿಂದ ಬಂದಿರುತ್ತದೆ, ಆದ್ದರಿಂದ ಅವರಿಗೇ ಫೋನ್ ಮಾಡುತ್ತೇವೆ. ನಾನೂ ಹಾಗೇ ಮಾಡಿದೆ. ನಲವತ್ತು ನಿಮಿಷ ಕಾದ ಮೇಲೆ ಸಿಕ್ಕ ಹುಡುಗಿ ಮರ್ಯಾದೆಯಿಂದಲೇ, "ಆ ರೀಡಿಂಗ್ ನಮ್ಮದಲ್ಲ ಸರ್, ನಿಮ್ಮ ಹೊಸ ಕಂಪನಿ ಕಡೆಯಿಂದ ಬಂದದ್ದು" ಅಂದಳು. ಹೊಸ ಕಂಪನಿಗೆ ಫೋನ್ ಮಾಡಿದರೆ, "ಕೊನೆ ಬಿಲ್ ಅವರದಲ್ವಾ, ಅವರನ್ನೇ ಕೇಳಿ" ಅಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ನನ್ನ ಸ್ಥಿತಿ. ಆದರೆ ಹಳೆ ಕಂಪನಿಯ ಹುಡುಗಿ ಹೇಳಿದ್ದೇ ಸರಿ. ಬದಲಾವಣೆ ದಿನದ ರೀಡಿಂಗ್ ತೆಗೆದುಕೊಳ್ಳುವ ಹೊಣೆ ಹೊಸ ಕಂಪನಿಯದು. ಅವರು ಅದನ್ನು ಗ್ಯಾಸ್ ಉದ್ಯಮದ ಕೇಂದ್ರ ದಾಖಲೆಗೆ ಕಳಿಸುತ್ತಾರೆ. ಆ ದಾಖಲೆ ನಡೆಸುವ ಸಂಸ್ಥೆ ಎಕ್ಸೊಸರ್ವ್. ಹಿಂದಿನ ಬಳಕೆಗೆ ಹೋಲಿಸಿದರೆ ಈ ಸಂಖ್ಯೆ ನಂಬುವಂತಿದೆಯೇ ಎಂದು ಅಲ್ಲಿ ತಾಳೆ ನೋಡುತ್ತಾರೆ. ಒಪ್ಪಿದರೆ ಅದೇ ಸಂಖ್ಯೆ ಹಳೆ ಕಂಪನಿಗೆ ಹೋಗುತ್ತದೆ.

ನಾವು ರೀಡಿಂಗ್ ಕೊಡದೇ ಹೋದರೆ, ತಡವಾಗಿ ಕೊಟ್ಟರೆ, ಅಥವಾ ಕೊಟ್ಟದ್ದು ತಾಳೆಯಾಗದಿದ್ದರೆ, ಅಂದಾಜು ಸಂಖ್ಯೆ ಕೂರುತ್ತದೆ. ಈ ಮನೆ ವರ್ಷಕ್ಕೆ ಇಷ್ಟು ಗ್ಯಾಸ್ ಉರಿಸುತ್ತದೆ ಅನ್ನುವ ಹಳೆ ಲೆಕ್ಕದ ಮೇಲೆ ಆ ಅಂದಾಜು. ನಮಗಿಂತ ಮುಂಚೆ ಈ ಮನೆಯಲ್ಲಿದ್ದವರು ಐದು ಜನ. ನಾವಿರುವುದು ಇಬ್ಬರೇ. ಇಬ್ಬರೂ ಹಗಲಿಡೀ ಆಫೀಸಿನಲ್ಲಿರುತ್ತೇವೆ. 4390 ಹುಟ್ಟಿದ್ದು ಅವರ ಚಳಿಗಾಲದಿಂದ ಅಂತ ನನ್ನ ಊಹೆ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಬದಲಾವಣೆಯ ದಿನ ನಮ್ಮ ಮೀಟರ್ ನಿಜವಾಗಿ ತೋರಿಸುತ್ತಿದ್ದದ್ದು 4210. ಅಂದಾಜು 4390. ವ್ಯತ್ಯಾಸ 180. ಕರ್ನಾಟಕದಲ್ಲಿ ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಅವರ್. ಗ್ಯಾಸ್ ಮೀಟರಿನಲ್ಲಿ ಹಾಗಲ್ಲ. ಮೀಟರ್ ಅಳೆಯುವುದು ಗ್ಯಾಸಿನ ಗಾತ್ರವನ್ನು, ಬಿಲ್ ಹಾಕುವುದು ಅದರ ಶಾಖಕ್ಕೆ. ಒಂದು ಘನ ಮೀಟರನ್ನು ಮೊದಲು 1.02264ರಿಂದ ಗುಣಿಸುತ್ತಾರೆ. ಅದು ಉಷ್ಣತೆ ಮತ್ತು ಒತ್ತಡದ ಸರಿಪಡಿಕೆ. ಆಮೇಲೆ ಆ ಪ್ರದೇಶದ ಗ್ಯಾಸಿನ ಶಾಖದ ಮೌಲ್ಯದಿಂದ ಗುಣಿಸುತ್ತಾರೆ, ಅದು ಸಾಮಾನ್ಯವಾಗಿ 39ರ ಆಸುಪಾಸು, ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ಕೊನೆಗೆ 3.6ರಿಂದ ಭಾಗಿಸುತ್ತಾರೆ. ಶಾಖದ ಮೌಲ್ಯ 39.5 ಇದ್ದರೆ ಮೀಟರಿನ ಒಂದು ಯೂನಿಟ್ ಅಂದರೆ 11.22 ಕಿಲೋವ್ಯಾಟ್ ಅವರ್. ನಮ್ಮ 180 ಅಂದರೆ ಸುಮಾರು 2,020.

ಹಳೆ ಕಂಪನಿಯ ದರ ವ್ಯಾಟ್ ತೆರಿಗೆ ಸೇರಿ ಒಂದು ಕಿಲೋವ್ಯಾಟ್ ಅವರ್‌ಗೆ 6.5 ಪೆನ್ಸ್ ಇತ್ತು. 131 ಪೌಂಡ್ ಹೋಯಿತು ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕಾಗದದ ಮೇಲೆ ಬರೆದು ನೋಡಿದಾಗ ಇನ್ನೊಂದು ಮುಖ ಕಾಣಿಸಿತು. ಹೊಸ ಕಂಪನಿಯೂ 4390ರಿಂದಲೇ ಎಣಿಕೆ ಶುರು ಮಾಡಿದೆ. ಅಂದರೆ ಮುಂದಿನ ಅದೇ 180 ಯೂನಿಟ್‌ಗೆ ಅವರು ದುಡ್ಡು ಕೇಳುವುದಿಲ್ಲ. ಅವರ ದರ 5.8 ಪೆನ್ಸ್. ಕೊನೆಗೆ ನನಗಾಗುವ ನಿಜವಾದ ನಷ್ಟ ಎರಡು ದರಗಳ ನಡುವಿನ 0.7 ಪೆನ್ಸ್ ಮಾತ್ರ, ಅಂದರೆ 14 ಪೌಂಡ್.

ಎರಡೂ ಕಂಪನಿ ಒಂದೇ ಸಂಖ್ಯೆ ಹಿಡಿದಿದ್ದರೆ, ಆ ಸಂಖ್ಯೆ ತಪ್ಪಾಗಿದ್ದರೂ, ನಷ್ಟ ಸಣ್ಣದು. ಬೇರೆ ಬೇರೆ ಸಂಖ್ಯೆ ಹಿಡಿದಿದ್ದರೆ ಮಾತ್ರ ಜೇಬಿಗೆ ಕತ್ತರಿ. ಹಳೆ ಕಂಪನಿ 4390ಕ್ಕೆ ಮುಗಿಸಿ, ಹೊಸ ಕಂಪನಿ 4210ರಿಂದ ಶುರು ಮಾಡಿದ್ದರೆ ಅದೇ ಗ್ಯಾಸಿಗೆ ಎರಡು ಸಲ ಕಟ್ಟುತ್ತಿದ್ದೆವು. ನಮ್ಮ ಲೆಕ್ಕದಲ್ಲಿ ಅದು 131 ಪೌಂಡ್ ಹಳಬರಿಗೆ, 117 ಹೊಸಬರಿಗೆ. ಆದ್ದರಿಂದ ಫೋನ್ ಎತ್ತುವ ಮುಂಚೆ ಎರಡು ಬಿಲ್ ಪಕ್ಕಪಕ್ಕ ಇಟ್ಟುಕೊಳ್ಳಿ. ಹಳೆಯದರ ಕೊನೆ ರೀಡಿಂಗೂ ಹೊಸದರ ಮೊದಲ ರೀಡಿಂಗೂ ಒಂದೇ ಇದೆಯೇ ನೋಡಿ.

ಹಾಗಾದರೆ 14 ಪೌಂಡಿಗೆ ಇಷ್ಟು ಓಡಾಟ ಯಾಕೆ? ಆ 131 ಪೌಂಡನ್ನು ಇವತ್ತೇ ಬ್ಯಾಂಕಿನಿಂದ ಎಳೆದುಕೊಳ್ಳುತ್ತಾರೆ, ವಾಪಸ್ ಸರಿಹೊಂದುವುದು ನಿಧಾನವಾಗಿ. ಬೇಸಿಗೆಯಲ್ಲಿ ಹೀಟಿಂಗ್ ಇಲ್ಲದಾಗ ನಮ್ಮ ಮನೆಯಲ್ಲಿ ತಿಂಗಳಿಗೆ ಇಪ್ಪತ್ತು ಯೂನಿಟ್ ದಾಟುವುದಿಲ್ಲ. ಮೀಟರ್ 4390 ಮುಟ್ಟುವಷ್ಟರಲ್ಲಿ ದಸರಾ ಬರುತ್ತಿತ್ತು. ಅಲ್ಲಿಯವರೆಗೂ ನಾವು ಕೊಟ್ಟ ಪ್ರತಿ ರೀಡಿಂಗನ್ನೂ ಆ್ಯಪ್ ತಿರಸ್ಕರಿಸುತ್ತಿತ್ತು. ರೀಡಿಂಗ್ ಸೇರದಿದ್ದರೆ ಮತ್ತೆ ಅಂದಾಜು ಬಿಲ್, ತಪ್ಪಿನ ಮೇಲೆ ತಪ್ಪು. ಸಂಬಳದಿಂದ ಸಂಬಳಕ್ಕೆ ಬದುಕುವ ಮನೆಗೆ ಇದು ಸಣ್ಣ ತೊಂದರೆ ಅಲ್ಲ.

ನಮ್ಮನ್ನು ಉಳಿಸಿದ್ದು ಒಂದು ಫೋಟೊ. ಬದಲಾವಣೆಯ ದಿನ ಹೆಂಡತಿ ಒತ್ತಾಯ ಮಾಡಿ ಮೀಟರಿನ ಚಿತ್ರ ತೆಗೆಸಿದ್ದಳು. ಅದರಲ್ಲಿ 04210ರ ಜೊತೆಗೆ ಮೀಟರಿನ ಸೀರಿಯಲ್ ನಂಬರೂ ಬಿದ್ದಿತ್ತು, ಫೋನಿನಲ್ಲಿ ತಾರೀಖೂ ದಾಖಲಾಗಿತ್ತು. ಅದನ್ನು ಹೊಸ ಕಂಪನಿಗೆ ಇಮೇಲ್ ಮಾಡಿ, ಬದಲಾವಣೆ ದಿನದ ರೀಡಿಂಗನ್ನು ನಾನು ಒಪ್ಪುವುದಿಲ್ಲ, ಹಳೆ ಕಂಪನಿಯೊಂದಿಗೆ ಮಾತಾಡಿ ಸರಿಪಡಿಸಿ ಅಂತ ಬರೆದೆ. ಹೀಗೆ ತಕರಾರು ಬಂದಾಗ ಎರಡು ಕಂಪನಿಗಳೂ ಮಾತಾಡಿಕೊಂಡು ಹೊಸ ಸಂಖ್ಯೆ ಒಪ್ಪಿಕೊಳ್ಳುವ ವ್ಯವಸ್ಥೆ ಉದ್ಯಮದೊಳಗೇ ಇದೆ. ಫೋನಿನಲ್ಲಿ ಸುಮ್ನೆ "ಬಿಲ್ ಜಾಸ್ತಿ ಬಂದಿದೆ" ಅಂದರೆ ಆ ಬಾಗಿಲು ತೆರೆಯುವುದಿಲ್ಲ. "ರೀಡಿಂಗ್ ಬಗ್ಗೆ ತಕರಾರಿದೆ" ಅಂತ ಬಾಯಿಬಿಟ್ಟು ಹೇಳಬೇಕು. ಐದು ವಾರದ ಮೇಲೆ ಸರಿಪಡಿಸಿದ ಬಿಲ್ ಬಂತು.

ಇದಕ್ಕಿಂತ ಕಷ್ಟದ ತಪ್ಪು ಇನ್ನೊಂದಿದೆ, ಅದು ಅಳತೆಯದು. ಇಲ್ಲಿನ ಹಳೇ ಮನೆಗಳಲ್ಲಿ ಇನ್ನೂ ಘನ ಅಡಿಯ ಮೀಟರ್‌ಗಳಿವೆ. ಅವುಗಳಲ್ಲಿ ಕಪ್ಪಂಕಿ ನಾಲ್ಕು, ಒಂದು ಯೂನಿಟ್ ಅಂದರೆ ನೂರು ಘನ ಅಡಿ. ಹೊಸವು ಘನ ಮೀಟರಿನವು, ಕಪ್ಪಂಕಿ ಐದು. ಕೆಂಪಂಕಿಗಳನ್ನು ಎರಡರಲ್ಲೂ ಬಿಟ್ಟುಬಿಡಬೇಕು. ನೂರು ಘನ ಅಡಿ ಅಂದರೆ 2.83 ಘನ ಮೀಟರ್. ಕಂಪನಿಯ ದಾಖಲೆಯಲ್ಲಿ ಮೀಟರಿನ ಜಾತಿ ಅದಲು ಬದಲಾಗಿದ್ದರೆ, ರೀಡಿಂಗ್ ಎಷ್ಟು ಸರಿಯಾಗಿ ಕೊಟ್ಟರೂ ಬಿಲ್ 2.83 ಪಟ್ಟು ಆಚೀಚೆ ಆಗುತ್ತದೆ.

ಆಫ್‌ಜೆಮ್ ಅಂದರೆ ಇಲ್ಲಿನ ಇಂಧನ ನಿಯಂತ್ರಣ ಸಂಸ್ಥೆ. ಅದು 2023ರಲ್ಲಿ ಇಟ್ಟುಕೊಂಡ ಲೆಕ್ಕದಲ್ಲಿ ಸಾಧಾರಣ ಮನೆಯೊಂದು ವರ್ಷಕ್ಕೆ 11,500 ಕಿಲೋವ್ಯಾಟ್ ಅವರ್ ಗ್ಯಾಸ್ ಉರಿಸುತ್ತದೆ. ಘನ ಮೀಟರಿನ ಮೀಟರಿನಲ್ಲಿ ಅದು ಸುಮಾರು 1,025 ಯೂನಿಟ್. ಅದನ್ನೇ ಘನ ಅಡಿ ಅಂತ ಹಿಡಿದರೆ 32,500 ಕಿಲೋವ್ಯಾಟ್ ಅವರ್ ದಾಟುತ್ತದೆ. 6 ಪೆನ್ಸ್ ದರದಲ್ಲಿ 690 ಪೌಂಡ್ ಆಗಬೇಕಾದದ್ದು 1,950ಕ್ಕೆ ಏರುತ್ತದೆ. ಇದು ಬೇಗ ಕಣ್ಣಿಗೆ ಬೀಳುತ್ತದೆ. ಉಲ್ಟಾ ತಪ್ಪೇ ಅಪಾಯ. ಘನ ಅಡಿಯ ಮೀಟರನ್ನು ಘನ ಮೀಟರ್ ಅಂತ ಹಿಡಿದರೆ ಬಿಲ್ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಕಂಪನಿ ಬದಲಿಸಿದಾಗ ಹೊಸಬರು ಮೀಟರಿನ ಜಾತಿ ಸರಿಯಾಗಿ ಗುರುತಿಸಿಬಿಟ್ಟರೆ ಹಳೆ ಬಾಕಿಯೆಲ್ಲ ಒಟ್ಟಿಗೆ ಎದ್ದು ಕೂರುತ್ತದೆ.

ಆದರೆ ಇದಕ್ಕೊಂದು ತಡೆ ಇದೆ. 2018ರ ಮೇ ತಿಂಗಳಿನಿಂದ ಇರುವ ನಿಯಮದ ಪ್ರಕಾರ, ತಪ್ಪು ನಿಮ್ಮದಲ್ಲದಿದ್ದರೆ 12 ತಿಂಗಳಿಗಿಂತ ಹಿಂದೆ ಬಳಸಿದ ಗ್ಯಾಸಿಗೆ ಈಗ ಹೊಸದಾಗಿ ಬಿಲ್ ಹಾಕುವಂತಿಲ್ಲ. ಮೀಟರ್ ನೋಡಲು ಬಂದವರನ್ನು ನೀವೇ ಒಳಗೆ ಬಿಡದಿದ್ದರೆ ಈ ರಕ್ಷಣೆ ಸಿಗದು. ಈ ಮಿತಿ ಕಂಪನಿ ಕೇಳುವ ಬಾಕಿಗೆ ಮಾತ್ರ. ನೀವು ಜಾಸ್ತಿ ಕಟ್ಟಿದ ದುಡ್ಡನ್ನು ವಾಪಸ್ ಕೇಳಲು ಈ 12 ತಿಂಗಳು ಅಡ್ಡ ಬರುವುದಿಲ್ಲ. ಇದನ್ನು ಕಂಪನಿಯವರು ತಾವಾಗಿ ನೆನಪಿಸುತ್ತಾರೆ ಅಂತ ಕಾಯಬೇಡಿ.

ಮೂರನೆಯ ತಪ್ಪನ್ನು ನನಗೆ ತೋರಿಸಿಕೊಟ್ಟದ್ದು ಮೈಸೂರಿನಿಂದ ಓದಲು ಬಂದು ಇಲ್ಲೇ ಕೆಲಸಕ್ಕೆ ಸೇರಿದ ಒಬ್ಬ ಹುಡುಗ. ಒಂದು ಶನಿವಾರ ಫೋನ್ ಮಾಡಿ, "ಅಣ್ಣಾ, ಒಂದ್ಸಲ ಬಂದು ನೋಡ್ತೀರಾ? ನಾನು ಊರಿಗೆ ಹೋಗಿದ್ದ ತಿಂಗಳೇ ಗ್ಯಾಸ್ ಬಿಲ್ ಜಾಸ್ತಿ ಬಂದಿದೆ" ಅಂದ. ಅವನಿರುವ ಫ್ಲ್ಯಾಟಿನ ಕೆಳಗೆ ಗೋಡೆಗೆ ಆರು ಮೀಟರ್ ಸಾಲಾಗಿವೆ. ಯಾವುದರ ಮೇಲೂ ಮನೆ ನಂಬರ್ ಇಲ್ಲ. ಎರಡರ ಮೇಲೆ ಯಾರೋ ಪೆನ್ನಿನಲ್ಲಿ ಬರೆದದ್ದು ಅಳಿಸಿಹೋಗಿದೆ. ಅವನಿಗೆ ಒಲೆ ಹಚ್ಚಿ ಬಾ ಅಂದೆ. ಅವನದು ಅಂತ ಬಿಲ್ಲಿನಲ್ಲಿದ್ದ ಮೀಟರ್ ಅಲುಗಾಡಲಿಲ್ಲ. ಅದರ ಪಕ್ಕದ್ದರ ಕೆಂಪಂಕಿ ಮೆಲ್ಲಗೆ ತಿರುಗಿತು.

ನಮ್ಮಲ್ಲಿ ಕರೆಂಟಿಗೆ ಆರ್‌ಆರ್ ನಂಬರ್ ಇದ್ದ ಹಾಗೆ ಇಲ್ಲಿ ಗ್ಯಾಸಿಗೆ ಎಂಪಿಆರ್‌ಎನ್ ಅಂತ ಒಂದು ನಂಬರ್ ಇರುತ್ತದೆ, 6ರಿಂದ 10 ಅಂಕಿಯದು. ಅದು ಸೇರಿದ್ದು ಮನೆಗೆ ಗ್ಯಾಸ್ ಬರುವ ಜಾಗಕ್ಕೆ. ಸೀರಿಯಲ್ ನಂಬರ್ ಮೀಟರಿನ ಮೈಮೇಲೆ ಕೊರೆದದ್ದು, ಮೀಟರ್ ಬದಲಾದರೆ ಅದೂ ಬದಲಾಗುತ್ತದೆ. ಕೊನೆ ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ನಿಮ್ಮ ಮೀಟರಿನದೇ ಅಲ್ವಾ ಅಂತ ನೋಡದೆ ರೀಡಿಂಗ್ ಬಗ್ಗೆ ಜಗಳ ಆಡಿ ಪ್ರಯೋಜನ ಇಲ್ಲ. ಫ್ಲ್ಯಾಟ್‌ಗಳಲ್ಲಿ, ಹೊಸದಾಗಿ ಕಟ್ಟಿದ ಬಡಾವಣೆಗಳಲ್ಲಿ ಇದು ಕಲೆಸಿಹೋಗುವುದುಂಟು. ಹೊಸ ಮನೆಗೆ ಮೊದಲು ಪ್ಲಾಟ್ ನಂಬರ್ ಇರುತ್ತದೆ, ಆಮೇಲೆ ರಸ್ತೆಯ ವಿಳಾಸ ಬರುತ್ತದೆ. ದಾಖಲೆ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಪಕ್ಕದ ಮನೆಯವರು ಕಂಪನಿ ಬದಲಿಸಿದರೆ ನಿಮ್ಮ ಸಂಪರ್ಕ ಹೋಗಿಬಿಡುವುದೂ ಹೀಗೆಯೇ. ಆಗ ಹಳೆ ಅಥವಾ ಹೊಸ, ಯಾವ ಕಂಪನಿಗೆ ಹೇಳಿದರೂ ಅವರು ಸರಿಪಡಿಸಲೇಬೇಕು.

ರೀಡಿಂಗನ್ನು ತಾನೇ ಕಳಿಸುವ ಸ್ಮಾರ್ಟ್ ಮೀಟರ್ ಇದ್ದರೆ ಈ ತಾಪತ್ರಯ ಇಲ್ಲ ಅಂದುಕೊಳ್ಳುತ್ತೇವೆ. ಪೂರ್ತಿ ನಿಜವಲ್ಲ. ಗ್ಯಾಸಿನ ಸ್ಮಾರ್ಟ್ ಮೀಟರ್ ನಡೆಯುವುದು ಬ್ಯಾಟರಿಯ ಮೇಲೆ. ಅದು ನೇರವಾಗಿ ಕಂಪನಿಯ ಜೊತೆ ಮಾತಾಡುವುದಿಲ್ಲ. ಅರ್ಧ ಗಂಟೆಗೊಮ್ಮೆ ಕರೆಂಟ್ ಮೀಟರಿನ ಮೇಲಿರುವ ಸಂಪರ್ಕದ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಎರಡರ ನಡುವೆ ದಪ್ಪ ಗೋಡೆ ಇದ್ದರೆ, ದೂರ ಜಾಸ್ತಿ ಇದ್ದರೆ ಸುದ್ದಿ ತಲುಪದು. ಕರೆಂಟ್ ರೀಡಿಂಗ್ ಸರಿಯಾಗಿ ಹೋಗಿ ಗ್ಯಾಸಿನದು ಮಾತ್ರ ನಿಂತುಹೋಗಲು ಇದೂ ಒಂದು ಕಾರಣ. ಮೊದಲ ತಲೆಮಾರಿನ ಸ್ಮಾರ್ಟ್ ಮೀಟರ್‌ಗಳಂತೂ ಕಂಪನಿ ಬದಲಿಸಿದ ಕೂಡಲೇ ಮೂಕವಾಗುತ್ತಿದ್ದವು. ಅವನ್ನು ದೇಶವ್ಯಾಪಿ ಜಾಲಕ್ಕೆ ಸೇರಿಸುವ ಕೆಲಸ ಆಮೇಲೆ ನಡೆಯಿತು. ಬ್ಯಾಟರಿ ಉಳಿಸಲು ಪರದೆ ಕತ್ತಲಾಗಿರುತ್ತದೆ, ಮೀಟರ್ ಸತ್ತಿದೆ ಅಂತ ಗಾಬರಿ ಬೇಡ. ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಸ್ಮಾರ್ಟ್ ಇದ್ದರೂ ಬದಲಾವಣೆಯ ದಿನ ಒಂದು ಫೋಟೊ ತೆಗೆದಿಡಿ.

2022ರ ಜುಲೈನಿಂದ ಕಂಪನಿ ಬದಲಾವಣೆ ಐದು ಕೆಲಸದ ದಿನಗಳಲ್ಲಿ ಮುಗಿಯಬೇಕು ಅನ್ನುವ ವ್ಯವಸ್ಥೆ ಬಂತು. ಮುಂಚೆ ಎರಡು ಮೂರು ವಾರ ಹಿಡಿಯುತ್ತಿತ್ತು. ಇದು ಒಳ್ಳೆಯದೇ. ಆದರೆ ನನಗೆ ಅನ್ನಿಸುವುದು, ವೇಗ ಬಂದದ್ದು ಹೆಸರು ಬದಲಿಸುವುದಕ್ಕೆ. ಮೀಟರಿನ ಅಂಕಿ ಸರಿಯಾಗಿ ತಲುಪಿತೇ ಎಂದು ನೋಡುವ ಕೆಲಸ ಇನ್ನೂ ನಮ್ಮ ತಲೆಯ ಮೇಲೇ ಇದೆ. ಇಂಗ್ಲಿಷಿನಲ್ಲಿ ವಾದ ಮಾಡಲು ಹಿಂಜರಿಯುವ ಹೊಸಬರು, ಬಗ್ಗಿ ಮೀಟರ್ ನೋಡಲಾಗದ ವಯಸ್ಸಾದವರು ಏನು ಮಾಡಬೇಕು? ಅಂದಾಜು ರೀಡಿಂಗ್ ಹಾಕುವ ಮುಂಚೆ "ಈ ಸಂಖ್ಯೆ ಸರಿಯೇ?" ಅಂತ ಗ್ರಾಹಕರಿಗೆ ಒಂದು ಸಂದೇಶ ಕಳಿಸುವುದು ಕಡ್ಡಾಯವಾದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ನಾವೇ ಬದಲಿಸದಿದ್ದರೂ ಬದಲಾವಣೆ ಆಗಬಹುದು ಅನ್ನುವುದನ್ನು 2021 ತೋರಿಸಿಕೊಟ್ಟಿತು. ಆ ವರ್ಷ ಸಗಟು ಗ್ಯಾಸಿನ ಬೆಲೆ ಮುಗಿಲು ಮುಟ್ಟಿ ಎರಡು ಡಜನ್‌ಗೂ ಜಾಸ್ತಿ ಕಂಪನಿಗಳು ಮುಚ್ಚಿದವು. ಅವುಗಳ ಗ್ರಾಹಕರನ್ನು ಆಫ್‌ಜೆಮ್ ಬೇರೆ ಕಂಪನಿಗಳಿಗೆ ವಹಿಸಿತು. ಅಂಥ ಹೊತ್ತಿನಲ್ಲಿ ಆಫ್‌ಜೆಮ್ ಕೊಡುವ ಸಲಹೆ ಸರಳ: ಅವತ್ತೇ ರೀಡಿಂಗ್ ತೆಗೆದಿಡಿ, ಹೊಸ ಕಂಪನಿ ನಿಮ್ಮನ್ನು ಸಂಪರ್ಕಿಸುವವರೆಗೆ ಬೇರೆಲ್ಲೂ ಬದಲಿಸಬೇಡಿ.

ದೂರಿನ ದಾರಿಯನ್ನೂ ಹೇಳಿಬಿಡುತ್ತೇನೆ. ಬದಲಾವಣೆಯಾದ ಆರು ವಾರದೊಳಗೆ ಹಳೆ ಕಂಪನಿ ಕೊನೆ ಬಿಲ್ ಕೊಡಬೇಕು. ಅದರಲ್ಲಿ ನಿಮ್ಮ ದುಡ್ಡು ಉಳಿದಿದ್ದರೆ ಬಿಲ್ ಕೊಟ್ಟ 10 ಕೆಲಸದ ದಿನಗಳಲ್ಲಿ ವಾಪಸ್ ಮಾಡಬೇಕು. ತಪ್ಪಿದರೆ ಪರಿಹಾರ ಕೊಡಬೇಕು. ಆ ಮೊತ್ತ 2025ರ ಆರಂಭದಲ್ಲಿ 30 ಪೌಂಡಿನಿಂದ 40 ಪೌಂಡಿಗೆ ಏರಿತು. ದೂರನ್ನು ಬರಹದಲ್ಲೇ ಕೊಡಿ, "ಇದು ದೂರು" ಅನ್ನುವ ಮಾತು ಅದರಲ್ಲಿರಲಿ. ಎಂಟು ವಾರ ಕಳೆದರೂ ಬಗೆಹರಿಯದಿದ್ದರೆ, ಅಥವಾ ಇನ್ನು ನಮ್ಮಿಂದ ಆಗದು ಅಂತ ಕಂಪನಿ ಮೊದಲೇ ಪತ್ರ ಕೊಟ್ಟರೆ, ಇಂಥ ದೂರು ಕೇಳಿ ತೀರ್ಮಾನ ಕೊಡುವ ಎನರ್ಜಿ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ. ಅವರ ತೀರ್ಮಾನವನ್ನು ನೀವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು. ನಡುವೆ ಸಲಹೆ ಬೇಕಿದ್ದರೆ ಸಿಟಿಜನ್ಸ್ ಅಡ್ವೈಸ್ ಅನ್ನುವ ಸಂಸ್ಥೆ ಇದೆ. ಉತ್ತರ ಐರ್ಲೆಂಡಿನಲ್ಲಿ ಇರುವವರಿಗೆ ನಿಯಂತ್ರಣ ಸಂಸ್ಥೆ ಬೇರೆ, ಆಫ್‌ಜೆಮ್ ಅಲ್ಲ.

ಬಾಡಿಗೆ ಮನೆಯವರಿಗೆ ಇನ್ನೊಂದು ಮಾತು. ಮನೆಗೆ ಹೊಕ್ಕ ದಿನ ಏಜೆಂಟ್ ಕೊಡುವ ಇನ್ವೆಂಟರಿ ವರದಿಯ (ಮನೆಯಲ್ಲಿ ಏನೇನಿದೆ ಅನ್ನುವ ಪಟ್ಟಿಯ) ಕೊನೆ ಪುಟಗಳಲ್ಲಿ ಮೀಟರಿನ ಫೋಟೊ ಇರುವುದುಂಟು. ಅದನ್ನು ಹುಡುಕಿ ನೋಡಿ. ಮೈಸೂರಿನ ಹುಡುಗನಿಗೆ ನೆರವಾದದ್ದು ಅದೇ. ಅವನ ವರದಿಯಲ್ಲಿ ಪಕ್ಕದ ಮೀಟರಿನ ಸೀರಿಯಲ್ ನಂಬರ್ ಸ್ಪಷ್ಟವಾಗಿತ್ತು. ಆ ಚಿತ್ರ, ಒಲೆ ಹಚ್ಚಿದಾಗ ಕೆಂಪಂಕಿ ತಿರುಗಿದ್ದರ ವಿಡಿಯೊ, ಎರಡು ಬಿಲ್, ನಾಲ್ಕು ಸಾಲಿನ ಪತ್ರ, ಇಷ್ಟನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಕೂತು ಕಳಿಸಿದೆವು. ಎಂಟು ವಾರ ಮುಗಿಯುವುದು ಬರುವ ಗುರುವಾರ. ಒಂಬುಡ್ಸ್‌ಮನ್‌ಗೆ ಕಳಿಸುವ ಅರ್ಜಿಯನ್ನು ಅವನು ಈಗಲೇ ತುಂಬಿಟ್ಟುಕೊಂಡಿದ್ದಾನೆ.